ಇದಕ್ಕ ಏನಂತೀರಿ?

ಸೊನ್ನೆ ಕೊಟ್ಟವಳು ನಾನೇ. ಇದನ್ನ ಮೊದಲೇ ಹೇಳಿಬಿಡ್ತೀನಿ. ಕಥೆ ಹೇಳ್ತಾ ಹೇಳ್ತಾ ಜನ ತಮ್ಮನ್ನ ತಾವೇ ಒಳ್ಳೆಯವರನ್ನಾಗಿ ಮಾಡ್ಕೊಳ್ಳೋದನ್ನ ಬೇಕಾದಷ್ಟು ನೋಡಿದೀನಿ. ನಾನು ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಕರಡು ತಿದ್ದಿದವಳು. ಲಗ್ನಪತ್ರಿಕೆ, ಗೈಡು, ಪಂಚಾಂಗ, ವೈಕುಂಠ ಸಮಾರಾಧನೆ ಕಾರ್ಡು, ಎಲ್ಲಾ ನನ್ನ ಕಣ್ಣು ದಾಟಿಯೇ ಮೆಷಿನ್ನಿಗೆ ಹೋಗಬೇಕಿತ್ತು. ತಪ್ಪು ಹಿಡಿಯೋದೇ ನನ್ನ ಅನ್ನ. ರಿಟೈರ್ ಆದ ಮೇಲೂ ಆ ಚಾಳಿ ಬಿಡಲಿಲ್ಲ. ಬೇಕರಿ ಬೋರ್ಡು, ಆಟೋ ಹಿಂದಿನ ಬರಹ, ಪಕ್ಕದ ಮನೆ ಮಗುವಿನ ಕಾಪಿ ಪುಸ್ತಕ, ಯಾವುದನ್ನೂ ಸುಮ್ಮನೆ ಬಿಟ್ಟಿಲ್ಲ. ನಾಲಿಗೆಯೂ ಅಷ್ಟೇ, ಎಲುಬಿಲ್ಲದ್ದು. "ನಿನ್ನ ಹತ್ರ ಮಾತಾಡೋಕೆ ಮುಂಚೆ ಒಂದು ಸಲ ರಫ್ ಆಗಿ ಬರ್ಕೊಂಡು ಬರಬೇಕು ಕಣೇ" ಅಂತಾರೆ ನಮ್ಮ ಯಜಮಾನರು. ಅವರು ಹೇಳೋದು ನಿಜ.

ನಾವು ನಾಲ್ಕು ಜನ ಸೇರಿದ್ದು ಒಂದು ಜಗಳದಲ್ಲಿ. ಯಾವುದೋ ಹುಡುಗಿ ಬದನೆಕಾಯಿ ಎಣ್ಣೆಗಾಯಿ ಮಾಡೋ ವಿಡಿಯೋ ಹಾಕಿದ್ದಳು. ಅದರ ಕೆಳಗೆ ಒಬ್ಬರು ಬರೆದಿದ್ದರು, "ಎಣ್ಣಿಗಾಯಿಗೆ ಉಳ್ಳಾಗಡ್ಡಿ ಅನ್ನಬೇಕು ಯವ್ವಾ, ಈರುಳ್ಳಿ ಅಂದ್ರ ರುಚಿ ಬರಂಗಿಲ್ಲ." ಓದಿ ನನಗೆ ಸುಮ್ಮನಿರೋಕೆ ಆಗಲಿಲ್ಲ. "ಏನು ಅಂದ್ರೂ ಹೆಚ್ಚೋವಾಗ ಕಣ್ಣಲ್ಲಿ ನೀರು ಬಂದೇ ಬರುತ್ತೆ" ಅಂತ ಬರೆದೆ. ಇನ್ನೊಬ್ಬರು, "ನಾವು ನೀರುಳ್ಳಿ ಅಂತೇವೆ ಮಾರಾಯ್ರೆ, ನಮ್ಮದೂ ಒಂದು ಇರಲಿ" ಅಂತ ಸೇರಿಕೊಂಡರು. ನಾಲ್ಕನೆಯವಳು ಬಂದು, "ನೀವು ಕಿತ್ತಾಡ್ತಾ ಇರಿ, ಅಷ್ಟರಲ್ಲಿ ನಮ್ಮನೆ ಒಗ್ಗರಣೆ ಸೀದೋಯ್ತು" ಅಂದಳು. ಎರಡು ದಿನ ಅಲ್ಲೇ ಹರಟಿದ ಮೇಲೆ, ಬೇರೆಯವರ ಮನೆ ಜಗಲಿಯಲ್ಲಿ ಎಷ್ಟು ದಿನ ಅಂತ ಕೂರೋದು ಅಂತ ಒಂದು ವಾಟ್ಸಾಪ್ ಗ್ರೂಪು ಮಾಡಿಕೊಂಡೆವು.

ಹೆಸರು ಕೇಳಬಾರದು, ಊರಿನಿಂದಲೇ ಕರೀಬೇಕು ಅನ್ನೋದು ನಾಲ್ಕನೆಯವಳ ಷರತ್ತು. ಅವಳು ಕೋಲಾರದವಳು, ಇಲ್ಲೇ ಒಂದು ಕ್ಲಿನಿಕ್ಕಿನಲ್ಲಿ ನರ್ಸು, ನಮ್ಮಲ್ಲೆಲ್ಲ ಚಿಕ್ಕವಳು. ನೀರುಳ್ಳಿಯವರು ಪುತ್ತೂರಿನವರು, ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಉಳ್ಳಾಗಡ್ಡಿಯವರು ಗದಗಿನವರು, ಎಪ್ಪತ್ತು ದಾಟಿದ ಹೆಂಗಸು, ಮಗನ ಮನೆಯಲ್ಲಿ ಇರೋರು. ನಾನು ಬೆಂಗಳೂರಿನವಳು. ಆಮೇಲೆ ಗೊತ್ತಾಯ್ತು, ಎಲ್ಲರೂ ಇರೋದು ಈ ಊರಲ್ಲೇ, ಅದೂ ಈ ಪಶ್ಚಿಮದ ಕಡೆಯೇ. ಪುತ್ತೂರಿನವರು ಕೆಂಗೇರಿ, ಕೋಲಾರದವಳು ರಾಜಾಜಿನಗರ, ಗದಗಿನವರು ವಿಜಯನಗರದ ಪಕ್ಕ ಆರ್‌ಪಿಸಿ ಲೇಔಟ್, ನಾನು ಬಸವೇಶ್ವರನಗರ. ನನಗೂ ಗದಗಿನವರಿಗೂ ಮಧ್ಯೆ ಆಟೋದಲ್ಲಿ ಕಾಲು ಗಂಟೆ. "ಒಂದಿನ ಸಿಗೋಣ, ವಿಜಯನಗರದಲ್ಲಿ ದೋಸೆ ತಿನ್ನೋಣ" ಅಂತ ನಾಲ್ಕು ವರ್ಷ ಹೇಳಿದೆವು. ಒಂದಿನವೂ ಸಿಗಲಿಲ್ಲ. ಈ ಊರಲ್ಲಿ ಕಾಲು ಗಂಟೆ ದೂರ ಇರೋರನ್ನ ಯಾರು ನೋಡೋಕೆ ಹೋಗ್ತಾರೆ ಹೇಳಿ.

ಬೆಳಗ್ಗೆ ಆರೂವರೆ ನಮ್ಮ ಹೊತ್ತು. ಕೆಳಗಿನ ಮನೆ ಓನರ್ ಮೋಟರ್ ಹಾಕಿದ ಸದ್ದು ಕೇಳಿದರೆ ನಾನು ಕಾಫಿ ಲೋಟ ಹಿಡಕೊಂಡು ಅಡುಗೆಮನೆ ಕಟ್ಟೆಗೆ ಒರಗಿ ನಿಲ್ಲೋಳು. "ಬೆಳಗಾಗ್ಲಿಲ್ಲ, ಶುರುವಾಯ್ತು ನಿಮ್ಮ ಸಂಘದ ಮೀಟಿಂಗು" ಅಂತ ಯಜಮಾನರು ಗೊಣಗೋರು. ಗುಡ್ ಮಾರ್ನಿಂಗ್ ಚಿತ್ರ ಹಾಕೋ ಹಾಗಿಲ್ಲ, ದೇವರ ಫೋಟೋ ಇಲ್ಲ, ಫಾರ್ವರ್ಡ್ ಇಲ್ಲ. ಎದ್ದ ತಕ್ಷಣ ಅವರವರ ಮನೆಯಲ್ಲಿ ಏನು ತಿಂಡಿ ಅಂತ ಹೇಳಬೇಕು, ಆಮೇಲೆ ಆಟ.

ಆಟ ಇಷ್ಟೇ. ಒಬ್ಬರು ಮನೆಯಲ್ಲಿರೋ ಒಂದು ವಸ್ತುವಿನ ಹೆಸರು ಹೇಳದೆ ಅದು ಹೇಗಿರುತ್ತೆ, ಏನು ಮಾಡುತ್ತೆ ಅಂತ ಹೇಳಬೇಕು. ಕೊನೆಗೆ "ಇದಕ್ಕೆ ಏನಂತೀರಿ?" ಅಂತ ಕೇಳಬೇಕು. ಉಳಿದ ಮೂವರು ತಮ್ಮ ಕಡೆ ಅದಕ್ಕೆ ಏನು ಹೇಳ್ತಾರೋ ಅದನ್ನ ಬರೀಬೇಕು. ಎಲ್ಲರದ್ದೂ ಆದ ಮೇಲೆ ಕೇಳಿದವರು ತಮ್ಮ ಮಾತು ಹೇಳಿ ಮುಗಿಸಬೇಕು. ಮಾರ್ಕು ಹಾಕೋಳು ನಾನು, ಮೂವತ್ತು ವರ್ಷದ ಅನುಭವ ಇದೆಯಲ್ಲ. ಒಗಟು ಚೆನ್ನಾಗಿದ್ದರೆ ಹತ್ತು, ಸಪ್ಪೆಯಾಗಿದ್ದರೆ ಐದು. ಸಾಯಂಕಾಲ ಆಗೋದರೊಳಗೆ ಆ ಮಾರ್ಕನ್ನ ಎಲ್ಲರೂ ಮರೀತಿದ್ದರು, ನಾನೂ ಮರೀತಿದ್ದೆ.

ಮೊದಲನೇ ದಿನ ಪೊರಕೆ. ನಾನು ಪೊರಕೆ ಅಂದೆ. ಕೋಲಾರದವಳು ಪರಕೆ ಅಂದಳು. ಪುತ್ತೂರಿನವರು ಹಿಡಿಸೂಡಿ ಅಂದರು, ಅದನ್ನ ನೋಡಿ ನಾವು ಮೂರೂ ಜನ ಹೊಟ್ಟೆ ಹಿಡಕೊಂಡು ನಕ್ಕೆವು. ಕೇಳಿದ್ದು ಗದಗಿನವರು. ಕೊನೆಗೆ ಅವರು, "ನಮ್ಮ ಕಡೆ ಕಸಬರಿಗಿ ಅಂತೀವ್ರಿ. ನಾಕ ಮಂದಿ ನಾಕ ಮಾತು ಅಂದ್ರೂ ಕಸ ಒಂದ ನೋಡ್ರಿ" ಅಂತ ಬರೆದಿದ್ದರು. ನಾನು ಹತ್ತಕ್ಕೆ ಹನ್ನೊಂದು ಕೊಟ್ಟೆ.

ಆ ಆಟದಲ್ಲಿ ಅವರನ್ನ ಹಿಡಿಯೋರೇ ಇರಲಿಲ್ಲ. ಮೊಮ್ಮಗಳು ಕಲಿಸಿಕೊಟ್ಟಿದ್ದಳಂತೆ, ಒಂದೇ ಬೆರಳಲ್ಲಿ ಒತ್ತಿ ಒತ್ತಿ ಬರೆಯೋರು. ಕೈ ಸೋತರೆ ಮಾತಾಡಿ ಕಳಿಸೋರು. ಹಿಂದೆ ಕುಕ್ಕರ್ ವಿಸಲ್ಲು, ಸ್ಕೂಲ್ ವ್ಯಾನಿನ ಹಾರನ್ನು, ಮಧ್ಯೆ ಅವರ ಧ್ವನಿ. ಚೊಂಬಿಗೆ ತಂಬಿಗಿ, ಕಾವಲಿಗೆ ಹಂಚು, ಬೀಗಕ್ಕೆ ಕೀಲಿ, ಬೆಂಕಿಪೊಟ್ಟಣಕ್ಕೆ ಕಡ್ಡಿಪೆಟಗಿ. ಒಂದೊಂದು ಮಾತಿಗೂ ಒಂದು ಪುರಾಣ. ಹೊಸದಾಗಿ ಮದುವೆಯಾಗಿ ಹೋದಾಗ ಅತ್ತೆ ಮನೆ ಕೀಲಿ ಕಳೆದದ್ದು, ಕಡ್ಡಿಪೆಟಗಿ ಒದ್ದೆಯಾಗಿ ಪಕ್ಕದ ಮನೆಗೆ ಕೆಂಡ ತರೋಕೆ ಹೋದದ್ದು. "ಮನ್ಯಾಗ ಯಾರಿಗೂ ನನ್ನ ಮಾತ ಬೇಕಾಗಿಲ್ರಿ. ಸೊಸಿ ಛಲೋ ಹುಡುಗಿ, ಆದ್ರ ಇಲ್ಲಿಯಾಕಿ. ಮೊಮ್ಮಕ್ಕಳು ನಾ ಬಾಯಿ ತಗದ್ರ ನಗತಾವು. ಮುಂಜಾನೆ ನಿಮ್ಮ ಜೋಡಿ ಮಾತಾಡಿದ್ರ ನಾಲಿಗಿ ನಂದ ಐತಿ ಅನಸತೈತಿ" ಅಂತ ಒಂದು ಸಲ ಹೇಳಿದ್ದರು. ನಾನದಕ್ಕೆ ಏನು ಉತ್ತರ ಕೊಟ್ಟೆ ಅಂತ ನೆನಪಿದೆ. 'ಮಾತಾಡಿದರೆ' ಅನ್ನೋದನ್ನ ತಪ್ಪು ಒತ್ತಿದ್ದರು, ಅದನ್ನ ತಿದ್ದಿ ಕಳಿಸಿದೆ.

ಎರಡೂವರೆ ವರ್ಷ ಹೀಗೇ ನಡೀತು. ಆಮೇಲೆ ಗದಗಿನವರು ಸರದಿ ಕಾಯೋದನ್ನ ಬಿಟ್ಟರು. ಯಾರ ಪಾಳಿಯಾದರೂ ಸರಿ, ಆರೂವರೆಗೆ ಅವರದ್ದೇ ಒಗಟು ಮೊದಲು ಬರೋದು. "ಪೂಜಿ ಮುಗಿಸಿ ಹಣಿಗೆ ಹಚ್ಚಕೋತೀವಲ್ರಿ, ಬೆಳ್ಳಗ, ಮೂರು ಬೆರಳಲೆ. ಇದಕ್ಕ ಏನಂತೀರಿ?" ನಾವು ವಿಭೂತಿ ಅಂತ ಬರೆದೆವು. "ಅಕ್ಕ, ಇವತ್ತು ಸುಲಭದ್ದು ಕೊಟ್ರಿ" ಅಂತ ಕೋಲಾರದವಳು ನಕ್ಕಳು. ಇನ್ನೊಂದು ದಿನ, "ಹಾಲ ಉಕ್ಕಿದ್ರ ಅದರ ಮ್ಯಾಲಿಂದು ತಗೀತೀವಿ, ದುಂಡಗ ಇರತೈತಿ, ಮ್ಯಾಲ ಹಿಡಿಯಾಕ ಒಂದ ಗುಂಡಿ." ಮುಚ್ಚಳ ಅಂದೆವು. ನೋಡೋಕೆ ಎಷ್ಟು ಸಣ್ಣ ವಸ್ತು, ಅದರ ಬಗ್ಗೆ ಎಷ್ಟು ಚೆನ್ನಾಗಿ ಹೇಳ್ತಾರೆ ಅಂತ ಪುತ್ತೂರಿನವರು ಹೊಗಳಿದರು. ನಾನು ಹತ್ತು ಕೊಟ್ಟೆ. ದಿನಾ ಹತ್ತು.

ಒಂದು ನಿಯಮ ಮಾತ್ರ ಅವರು ಮುರೀತಿದ್ದರು. ಕೊನೆಗೆ ತಮ್ಮ ಕಡೆ ಮಾತು ಹೇಳಬೇಕಿತ್ತಲ್ಲ, ಅದನ್ನ ಹೇಳ್ತಾನೇ ಇರಲಿಲ್ಲ. ನಮ್ಮ ಮೂವರದ್ದೂ ಬಂದ ಮೇಲೆ, "ಹಾಂ ಹಾಂ, ಅದ. ಬರಕೊಂಡೆ" ಅಂತ ಹಾಕಿ ಹೋಗಿಬಿಡೋರು. "ಏನಕ್ಕ ಬರ್ಕೊಳ್ತೀರಿ?" ಅಂದೆ. "ವಹಿ ಮಾಡೇನ್ರಿ" ಅಂದರು. ವಹಿ ಅಂದರೆ ಅವರ ಕಡೆ ನೋಟ್ ಬುಕ್ಕು. ನಮಗೆ ಖುಷಿಯೋ ಖುಷಿ. ನಿಘಂಟು ಮಾಡ್ತಾ ಇದಾರೆ ಅಂದುಕೊಂಡೆವು. ನೀವು ಬರೀರಿ, ಕರಡು ನಾನು ತಿದ್ದಿಕೊಡ್ತೀನಿ ಅಂತ ದೊಡ್ಡದಾಗಿ ಮಾತು ಕೊಟ್ಟೆ. ಪುತ್ತೂರಿನವರು ಮುನ್ನುಡಿ ನನ್ನದು ಅಂದರು. ಅವರು ಅದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಒಂದು ಕೈ ಮುಗಿಯೋ ಚಿತ್ರ ಹಾಕಿದರು.

ಮೂವತ್ತು ವರ್ಷ ಒಂದು ಅನುಸ್ವಾರ ಬಿಟ್ಟುಹೋದರೂ ಹಿಡೀತಿದ್ದ ಕಣ್ಣು ನನ್ನದು. ದಿನಾ ಬೆಳಗ್ಗೆ ಒಂದು ಮಾತು ಬಿಟ್ಟುಹೋಗ್ತಾ ಇತ್ತು, ಅದು ಕಾಣಲಿಲ್ಲ.

ಆ ಸೊನ್ನೆಯ ದಿನ ನಮ್ಮ ಬೀದಿಗೆ ಮೂರು ದಿನದಿಂದ ನೀರು ಬಂದಿರಲಿಲ್ಲ. ಓನರ್ ಟ್ಯಾಂಕರಿಗೆ ಹೇಳಿದ್ದರು, ಅದು ಬೆಳಗ್ಗೆ ಐದಕ್ಕೇ ಬಂದು ನಮ್ಮನ್ನೆಲ್ಲ ಎಬ್ಬಿಸಿ, ಪೈಪು ಸಾಲದು ಅಂತ ಜಗಳ ಆಡಿ ವಾಪಸ್ ಹೋಗಿತ್ತು. ಸಿಂಕಿನಲ್ಲಿ ರಾತ್ರಿಯ ಪಾತ್ರೆ ಹಾಗೇ ಬಿದ್ದಿತ್ತು. ನನಗೆ ಮೈಯೆಲ್ಲಾ ಉರೀತಿತ್ತು. ಫೋನು ತೆಗೆದರೆ ಗದಗಿನವರು.

"ನೀರ ಕುಡಿಯಾಕ ಕೊಡತೀವಲ್ರಿ ಮನಿಗೆ ಬಂದವರಿಗೆ. ಕೆಳಗ ದುಂಡಗ, ಕುತ್ತಿಗಿ ಸಣ್ಣದು, ಹಿತ್ತಾಳಿದು. ಇದಕ್ಕ ಏನಂತೀರಿ?"

ಚೊಂಬು. ಸೋಮವಾರ ಇದನ್ನೇ ಕೇಳಿದ್ದರು. ಬುಧವಾರ ಇದನ್ನೇ ಕೇಳಿದ್ದರು. ಇವತ್ತು ಶುಕ್ರವಾರ. ಕೋಲಾರದವಳು, ಪುತ್ತೂರಿನವರು ಇನ್ನೂ ಎದ್ದಿರಲಿಲ್ಲ. ನಾನು ಬರೆದೆ, ಒಂದಕ್ಷರ ತಪ್ಪಿಲ್ಲದೆ ಬರೆದೆ: "ಅಕ್ಕ, ಹಳೇ ಸರಕನ್ನೇ ಎಷ್ಟು ಸಲ ಮಾರ್ತೀರಿ? ಒಂದೇ ವಾರದಲ್ಲಿ ಇದು ಮೂರನೇ ಸಲ. ನಾವೇನು ಕಿವುಡರಾ? ಉತ್ತರ ಯಾರೂ ಹೇಳಕೂಡದು. ಇವತ್ತು ನಿಮಗೆ ಸೊನ್ನೆ."

ಉಳಿದಿಬ್ಬರು ಆಮೇಲೆ ಎದ್ದು ನಗೋ ಮುಖದ ಚಿತ್ರ ಹಾಕಿದರು. ನನ್ನ ತಮಾಷೆ ಅವರಿಗೆ ಅಭ್ಯಾಸ. ಗದಗಿನವರು ಬಹಳ ಹೊತ್ತು ಏನೋ ಬರೀತಾ ಇದ್ದ ಹಾಗೆ ತೋರಿಸ್ತಿತ್ತು. ಕೊನೆಗೆ ಬಂದದ್ದು ಒಂದೇ ಮಾತು. "ತಪ್ಪಾತ್ರಿ." ಅಷ್ಟೇ.

ಮಾರನೇ ದಿನ ಬರಲಿಲ್ಲ. ಭಾನುವಾರ ಬರಲಿಲ್ಲ. ಮುನಿಸು ಅಂದುಕೊಂಡೆ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ಎಪ್ಪತ್ತು ವರ್ಷದವರಿಗೆ ಒಂದು ತಮಾಷೆ ತಡಕೊಳ್ಳೋಕೆ ಆಗಲ್ವಾ ಅಂತ ಯಜಮಾನರ ಹತ್ರ ಹಾರಾಡಿದೆ. "ಒಂದು ಸಾರಿ ಕೇಳಿಬಿಡೇ, ಗಂಟೇನು ಹೋಗುತ್ತೆ" ಅಂದರು ಅವರು. ನಾನು ಕೇಳಲಿಲ್ಲ. ನಾಲ್ಕನೇ ದಿನ ಕೋಲಾರದವಳು ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ಎಂಟನೇ ದಿನ ಅವರ ನಂಬರಿನಿಂದ ಒಂದು ಮೆಸೇಜು ಬಂತು, ಇಂಗ್ಲಿಷಿನಲ್ಲಿ. ಬರೆದದ್ದು ಅವರ ಮಗ. ಅಮ್ಮನಿಗೆ ಮರೆವಿನ ಕಾಯಿಲೆ, ಶುರುವಾಗಿ ಒಂದೂವರೆ ವರ್ಷ ಆಯ್ತು, ಈಗ ಫೋನು ಬಳಸೋಕೆ ಆಗ್ತಾ ಇಲ್ಲ. ನಿಮ್ಮ ಗ್ರೂಪು ಅಂದರೆ ಅವರಿಗೆ ತುಂಬಾ ಇಷ್ಟ ಇತ್ತು, ನಿಮಗೆಲ್ಲ ಥ್ಯಾಂಕ್ಸ್.

ನಿಂತಲ್ಲೇ ನಿಂತೆ. ಕಾಫಿ ಆರಿಹೋಯ್ತು. ಅರ್ಧ ಗಂಟೆ ಆದ ಮೇಲೆ ಪುತ್ತೂರಿನವರು ಬರೆದರು. ಅವರು ಅಷ್ಟು ಹೊತ್ತು ಹಳೇ ಮೆಸೇಜುಗಳನ್ನ ಮೇಲಕ್ಕೆ ಎಳೆದು ಎಳೆದು ಓದ್ತಾ ಕೂತಿದ್ದರಂತೆ.

"ಅದು ಒಗಟು ಅಲ್ಲ ಮಾರಾಯ್ರೆ. ಅವರಿಗೆ ಗೊತ್ತಿರಲಿಲ್ಲ. ಅವರು ನಮ್ಮ ಹತ್ರ ಕೇಳಿದ್ದು."

ಕೋಲಾರದವಳು ಆಗ ಬಸ್ಸಿನಲ್ಲಿದ್ದಳು. "ನಾನು ನರ್ಸ್ ಕಣಕ್ಕ" ಅಂತ ಬರೆದಳು. "ದಿನಾ ಇಂಥವರನ್ನ ಕೈ ಹಿಡಿದು ಕುರ್ಚಿ ಮೇಲೆ ಕೂರಿಸ್ತೀನಿ. ನನಗೇ ತಿಳೀಲಿಲ್ವಲ್ಲ."

ಒಂದೂವರೆ ವರ್ಷ. ಆ ಹೆಂಗಸು ಬೆಳಗ್ಗೆ ಎದ್ದು, ಕೈಯಲ್ಲಿ ಮುಚ್ಚಳ ಹಿಡಕೊಂಡು, ಇದಕ್ಕೆ ಏನಂತಾರೆ ಅನ್ನೋದು ಗೊತ್ತಾಗದೆ, ಮನೆಯವರನ್ನ ಕೇಳೋಕೆ ನಾಚಿಕೆಯಾಗಿ ನಮ್ಮನ್ನ ಕೇಳಿದಾರೆ. ಆಟದ ಹೆಸರಲ್ಲಿ ಕೇಳಿದರೆ ಯಾರಿಗೂ ತಿಳಿಯೋದಿಲ್ಲ ಅಂತ ಅವರಿಗೆ ಗೊತ್ತಿತ್ತು. ನಾವು ಪೈಪೋಟಿ ಮೇಲೆ ಉತ್ತರ ಹೇಳಿದ್ವಿ. ನಾನು ಮಾರ್ಕು ಹಾಕಿದೆ.

ಅದೇ ನಂಬರಿಗೆ ಬರೆದು, ಬಂದು ನೋಡಬಹುದಾ ಅಂತ ಮಗನನ್ನ ಕೇಳಿದೆ. ಬನ್ನಿ ಆಂಟಿ ಅಂದ. ಕಾಲು ಗಂಟೆ ಕೂಡ ಆಗಲಿಲ್ಲ. ಆಟೋದವನು ಸಿಗ್ನಲ್ಲು ತಪ್ಪಿಸಿ ಒಳಗಿಂದ ಕರಕೊಂಡು ಹೋಗಿ ಹತ್ತೇ ನಿಮಿಷಕ್ಕೆ ಇಳಿಸಿಬಿಟ್ಟ. ನಾಲ್ಕು ವರ್ಷದಲ್ಲಿ ಹತ್ತು ನಿಮಿಷ ಸಿಕ್ಕಿರಲಿಲ್ಲ ನನಗೆ.

ಬಾಗಿಲು ತೆಗೆದದ್ದು ಸೊಸೆ. ಕೆಲಸಕ್ಕೆ ರಜ ಹಾಕಿದ್ದಳು, ಮುಖ ಬಾಡಿತ್ತು, ಆದರೂ ಕಾಫಿ ಕುಡೀಲೇಬೇಕು ಅಂದಳು. ಗದಗಿನವರು ಹಾಲಿನ ಕಿಟಕಿ ಪಕ್ಕ ಕೂತಿದ್ದರು. ನಾನು ಮನಸ್ಸಲ್ಲಿ ಇಟ್ಟುಕೊಂಡಿದ್ದಕ್ಕಿಂತ ಸಣ್ಣ ಆಳು. ಹಣೆ ಮೇಲೆ ವಿಭೂತಿ ಇತ್ತು, ಸೊಸೆ ಹಚ್ಚಿದ್ದಿರಬೇಕು, ಅಚ್ಚುಕಟ್ಟಾಗಿತ್ತು. "ಅಕ್ಕ, ನಾನು ಬೆಂಗಳೂರಿನವಳು" ಅಂದೆ. ನಕ್ಕರು. "ಬರ್ರಿ, ಕೂಡ್ರಿ" ಅಂದರು. ಆ ಧ್ವನಿ ಅದೇ. ಮನೆಗೆ ಯಾರು ಬಂದರೂ ಅಷ್ಟೇ ಚೆನ್ನಾಗಿ ಹೇಳೋರು ಅಂತ ಸ್ವಲ್ಪ ಹೊತ್ತಿಗೆ ಅರ್ಥವಾಯ್ತು. ಗ್ಯಾಸ್ ತಂದವನಿಗೂ ಹಾಗೇ ಅಂದರು.

ಸೊಸೆ ಒಂದು ನೋಟ್ ಬುಕ್ ತಂದು ನನ್ನ ಕೈಗೆ ಕೊಟ್ಟಳು. ಮೊಮ್ಮಗಳ ಹಳೇ ಗಣಿತದ ಬುಕ್ಕು, ಅರ್ಧ ಖಾಲಿ ಇದ್ದದ್ದು. "ಇದು ದಿಂಬಿನ ಕೆಳಗಿತ್ತು ಆಂಟಿ. ನಿಮಗೆ ಏನಾದ್ರೂ ಗೊತ್ತಾಗುತ್ತಾ ನೋಡಿ" ಅಂದಳು.

ಪುಟಕ್ಕೊಂದು ಚಿತ್ರ. ಪೆನ್ಸಿಲ್ಲಿನಲ್ಲಿ, ನಡುಗೋ ಕೈಯಲ್ಲಿ ಬರೆದದ್ದು. ಪಕ್ಕದಲ್ಲಿ ಮಾತುಗಳು. ಮೊದಲ ಪುಟದಲ್ಲೇ ಪೊರಕೆಯ ಚಿತ್ರ, ಎರಡೂವರೆ ವರ್ಷದ ಮೇಲೆ ಮತ್ತೆ ಕೇಳಿದ್ದು, ಪಕ್ಕದಲ್ಲಿ ಪೊರಕೆ, ಪರಕೆ, ಹಿಡಿಸೂಡಿ. ಇನ್ನೊಂದು ಪುಟದಲ್ಲಿ ದೋಸೆ ಹುಯ್ಯೋ ಕಾವಲಿ, ಪಕ್ಕದಲ್ಲಿ ಕಾವಲಿ, ತವಾ, ಮತ್ತೆ ಕಾವಲಿ. ನಮ್ಮ ನಮ್ಮ ಮಾತು ನಾವು ಕಳಿಸಿದ ಸಾಲಿನಲ್ಲೇ ಇದ್ದವು. ಹಂಚು ಇಲ್ಲ. ಕಸಬರಿಗಿ ಇಲ್ಲ. ಇಡೀ ಬುಕ್ಕು ತಿರುವಿದೆ. ಅವರದ್ದು ಅನ್ನೋ ಒಂದು ಮಾತೂ ಇರಲಿಲ್ಲ.

"ಒಂದಿನ ಹಿಡಿಸೂಡಿ ಕೊಡು ಅಂದ್ರು ಆಂಟಿ" ಅಂದಳು ಸೊಸೆ. "ನನಗೆ ಅರ್ಥ ಆಗ್ಲಿಲ್ಲ. ಮತ್ತೆ ಮತ್ತೆ ಅದನ್ನೇ ಹೇಳಿದ್ರು. ನಾನು ಒಂದೊಂದೇ ಸಾಮಾನು ತಂದು ತೋರಿಸಿದೆ, ಯಾವುದೂ ಅಲ್ಲ ಅಂದ್ರು. ಕೊನೆಗೆ ಅತ್ತುಬಿಟ್ರು. ನಮ್ಮನೇಲಿ ಯಾರೂ ಹಾಗನ್ನಲ್ಲ. ಇವರ ಊರಲ್ಲೂ ಅನ್ನಲ್ವಂತೆ. ಇದೆಲ್ಲ ಯಾರ ಮಾತು?"

"ನಮ್ಮದು" ಅಂದೆ. ಬಾಯಾರಿದವರು ಬಂದು ಬಾಗಿಲು ತಟ್ಟಿದರೆ ಮೂರು ಮನೆಯವರು ಮೂರು ಕಡೆಗೆ ದಾರಿ ತೋರಿಸಿದ ಹಾಗಾಯ್ತು.

ಕೊನೆಯ ಮೂರು ಪುಟದಲ್ಲೂ ಚೊಂಬಿನದೇ ಚಿತ್ರ ಇತ್ತು. ಕೆಳಗೆ ದುಂಡಗೆ, ಕುತ್ತಿಗೆ ಸಣ್ಣಗೆ. ಮೊದಲ ಎರಡರ ಪಕ್ಕ ನಮ್ಮ ಮಾತು ಇತ್ತು, ಮೂರನೆಯದರ ಪಕ್ಕದಲ್ಲಿ ಮಾತು ಇರಬೇಕಾದ ಜಾಗ ಖಾಲಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ತಮಗೆ ತಾವೇ ನೆನಪಿಗೆ ಇರಲಿ ಅಂತ ಬರಕೊಂಡಿದ್ದರು: "ಮೂರ ಸಲ ಆತು. ಇನ್ನ ಕೇಳಬಾರದು."

ಅಲ್ಲೇ ಅತ್ತೆ. ನಾಚಿಕೆ ಇಲ್ಲದೆ ಅತ್ತೆ, ಯಾರದೋ ಮನೆ ಸೋಫಾ ಮೇಲೆ ಕೂತು. ಗದಗಿನವರು ಎದ್ದು ಬಂದು ನನ್ನ ಬೆನ್ನು ಸವರಿದರು. "ಅಳಬ್ಯಾಡ್ರಿ, ಎಲ್ಲಾರ ಮನ್ಯಾಗೂ ಇರತಾವು" ಅಂದರು. ಏನು ಇರುತ್ತೆ ಅಂತ ಅವರಿಗೂ ಗೊತ್ತಿರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಆಮೇಲೆ ನಾನು ಮಾಡಿದ್ದು ಅದನ್ನೇ. ಮನೆಗೆ ಬಂದು ಗ್ರೂಪಿನ ಮೊದಲ ದಿನದಿಂದ ಓದ್ತಾ ಬಂದೆ. ಮೊದಲ ಎರಡೂವರೆ ವರ್ಷ ಅವರದ್ದು ಅಂತ ಎಷ್ಟೊಂದು ಮಾತು. ಕಸಬರಿಗಿ, ಹಂಚು, ಕೀಲಿ, ಕಡ್ಡಿಪೆಟಗಿ, ಶೇಂಗಾ, ತಂಬಿಗಿ. ಒಂದೊಂದನ್ನೂ ಹೊಸ ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ಪುತ್ತೂರಿನವರು ಕೆಂಗೇರಿಯಲ್ಲಿ ಕೂತು ಅವರ ದನಿಯ ಮೆಸೇಜುಗಳನ್ನೆಲ್ಲ ಕೇಳಿ ಕೇಳಿ ನನಗೆ ಪಟ್ಟಿ ಮಾಡಿ ಕಳಿಸಿದರು. ಕೋಲಾರದವಳು ವಸ್ತುಗಳ ಫೋಟೋ ಪ್ರಿಂಟ್ ಹಾಕಿಸಿದಳು, ಚಿತ್ರಕ್ಕಿಂತ ಫೋಟೋ ಬೇಗ ಗುರುತು ಸಿಗುತ್ತೆ ಅಂದಳು. ಆರೂವರೆಗೆ ಈಗ ನಮ್ಮ ಮಾತೆಲ್ಲ ಇಷ್ಟೇ. ಇದು ಸಿಕ್ಕಿತು, ಅದು ಸಿಗಲಿಲ್ಲ. ತಿಂಡಿ ಏನು ಅಂತ ಯಾರೂ ಕೇಳಲ್ಲ. ಕರಡು ತಿದ್ದಿಕೊಡ್ತೀನಿ ಅಂತ ಮಾತು ಕೊಟ್ಟಿದ್ದೆನಲ್ಲ, ಪ್ರತಿ ಪುಟವನ್ನೂ ಮೂರು ಮೂರು ಸಲ ತಿದ್ದಿದೆ. ಇಷ್ಟು ಶ್ರದ್ಧೆಯಿಂದ ಪಂಚಾಂಗವನ್ನೂ ತಿದ್ದಿರಲಿಲ್ಲ.

ಹದಿನೈದು ದಿನಕ್ಕೆ ಬುಕ್ಕು ಮುಗೀತು. ಮತ್ತೆ ಹೋದೆ. ಬೆಳಗಿನ ಹೊತ್ತಲ್ಲೇ ಬನ್ನಿ, ಬೆಳಗ್ಗೆ ಸ್ವಲ್ಪ ಸರಿ ಇರ್ತಾರೆ ಅಂದಿದ್ದಳು ಸೊಸೆ. ಗದಗಿನವರು ಸ್ನಾನ ಮುಗಿಸಿ ಅದೇ ಕಿಟಕಿ ಪಕ್ಕ ಕೂತಿದ್ದರು. ನಾನು ಯಾರು ಅಂತ ಹೇಳಲಿಲ್ಲ. ಹೇಳಿ ಪ್ರಯೋಜನ ಇಲ್ಲ ಅಂತ ಗೊತ್ತಿತ್ತು. ಪಕ್ಕದಲ್ಲಿ ಕೂತು ಪುಟ ತಿರುವಿ ತೋರಿಸಿದೆ. ನೋಡಿದರು. ಕಸಬರಿಗಿ ನೋಡಿ ತಲೆ ಆಡಿಸಿದರು. ಹಂಚು ನೋಡಿ ತಲೆ ಆಡಿಸಿದರು. ಮಕ್ಕಳು ಬರೆದ ಚಿತ್ರಕ್ಕೆ ದೊಡ್ಡವರು ತಲೆ ಆಡಿಸ್ತಾರಲ್ಲ, ಹಾಗೆ.

ಸೊಸೆ ನನಗೆ ಕುಡಿಯೋಕೆ ನೀರು ತಂದಿಟ್ಟಳು. ಹಿತ್ತಾಳೆಯದ್ದು, ಹಳೇದು, ಊರಿಂದ ಬಂದದ್ದಂತೆ. ಗದಗಿನವರ ಕೈ ತಾನಾಗೇ ಅದರ ಹತ್ತಿರ ಹೋಯ್ತು. ಕುತ್ತಿಗೆಗೆ ಬೆರಳು ಸುತ್ತಿ ಹಿಡಕೊಂಡರು. ಆ ಹಿಡಿತ ನೋಡಿದರೆ ಯಾರಾದರೂ ಹೇಳಬಹುದಿತ್ತು, ಇದು ಅರವತ್ತು ವರ್ಷ ಹಿಡಿದ ಕೈ ಅಂತ. ಹಿಡಕೊಂಡು ನನ್ನ ಮುಖ ನೋಡಿದರು. ತುಟಿ ಅಲುಗಿತು. ಕೇಳಬೇಕು ಅಂತ ಇತ್ತು, ಕೇಳಲಿಲ್ಲ. ಮಿಕ್ಕಿದ್ದೆಲ್ಲ ಮರೆತಿದ್ದಾರೆ, ಕೇಳಬಾರದು ಅನ್ನೋದು ಮಾತ್ರ ಅವರಿಗೆ ನೆನಪಿತ್ತು.

"ತಂಬಿಗಿ, ಅಕ್ಕ" ಅಂದೆ. ನನ್ನ ಬಾಯಲ್ಲಿ ಆ ಮಾತು ಸರಿಯಾಗಿ ಬರಲಿ ಅಂತ ಮನೆಯಲ್ಲಿ ಅವರ ಮೆಸೇಜು ಹಾಕಿಕೊಂಡು ಎಷ್ಟು ಸಲ ಹೇಳಿ ನೋಡಿದ್ದೆನೋ. "ಇದು ತಂಬಿಗಿ."

ಅವರ ಮುಖ ಅರಳಿತು. ತಂಬಿಗಿಯನ್ನ ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿ ನೋಡಿದರು. ಆಮೇಲೆ, ಹೊಸದಾಗಿ ಪರಿಚಯವಾದ ದೊಡ್ಡ ಮನುಷ್ಯರ ಹತ್ರ ಮಾತಾಡೋ ಹಾಗೆ, ಬಹಳ ಮರ್ಯಾದೆಯಿಂದ ನನ್ನನ್ನ ಕೇಳಿದರು.

"ಹೌದೇನ್ರಿ? ನಿಮ್ಮ ಕಡೆ ಹಂಗ ಅಂತಾರೇನು? ಛಲೋ ಐತ್ರಿ ಮಾತು."

ನನ್ನ ಜೀವಮಾನದಲ್ಲಿ ಒಂದು ತಪ್ಪನ್ನ ತಿದ್ದದೆ ಬಿಟ್ಟದ್ದು ಅವತ್ತೇ.

"ಹೂಂ ಅಕ್ಕ" ಅಂದೆ. "ನಮ್ಮ ಕಡೆ ಹಂಗಂತೀವಿ."